ಪಿರೋಷ್ಕಾಳ ಹುಲ್ಲು, ಯೂಲಿಶಜ್ಜಿಯ ಕೋಳಿ

ಬೊರೊಕಾಶ್ ಊರಿನ ಕೋಳಿಗಳಿಗೆ ಇದ್ದದ್ದು ಎರಡೇ ಭಯ. ಒಂದು ನರಿ, ಇನ್ನೊಂದು ಪಿರೋಷ್ಕಾ. ನರಿಯಾದರೂ ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗುತ್ತದೆ, ಪಿರೋಷ್ಕಾ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಸುಮ್ಮನಾದವಳಲ್ಲ. ಊರಿನ ಫುಟ್‌ಬಾಲ್ ಮೈದಾನದ ಮೇಲೆ ಕೋಳಿಯ ಕಾಲು ಬಿತ್ತೆಂದರೆ ಸಾಕು, ಎಲ್ಲಿದ್ದರೂ ಪೊರಕೆ ಹಿಡಿದು ಓಡಿಬರುತ್ತಿದ್ದಳು. ಒಮ್ಮೆ ಚರ್ಚಿನಲ್ಲಿ ಪ್ರಾರ್ಥನೆಯ ಮಧ್ಯೆ ಕಿಟಕಿಯಾಚೆ ಕೋಳಿಯ ಸದ್ದು ಕೇಳಿ ಎದ್ದು ಹೋದವಳು ಅವಳು. ಪಾದ್ರಿಗಳು ಅದನ್ನು ಇನ್ನೂ ಮರೆತಿಲ್ಲ.

ಅವಳೇನು ಹುಟ್ಟಿದಾಗಿನಿಂದ ಮೈದಾನದವಳಲ್ಲ. ಇಪ್ಪತ್ತೆರಡು ವರ್ಷ ಜಾಮ್ ಕಾರ್ಖಾನೆಯಲ್ಲಿ ಏಪ್ರಿಕಾಟ್ ಹಣ್ಣಿನ ಬೀಜ ಬಿಡಿಸಿದ ಕೈ ಅದು. ಕಾರ್ಖಾನೆ ಮುಚ್ಚಿದ ಮೇಲೆ ತಂಡದ ಕೆಂಪು ಅಂಗಿಗಳನ್ನು ಒಗೆಯುವ ಕೆಲಸ ಹಿಡಿದಳು. ಹನ್ನೊಂದು ಅಂಗಿಗಳನ್ನು ಮೈದಾನದಂಚಿನ ಹಗ್ಗಕ್ಕೆ ಸಾಲಾಗಿ ಹಾಕಿ, ಒಣಗುವವರೆಗೆ ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದಳು. ಒಂದು ವಸಂತದಲ್ಲಿ ಹುಲ್ಲು ಕೊಯ್ಯುವವನ ಮೊಣಕಾಲು ಕೈಕೊಟ್ಟಿತು. ಇನ್ನು ಯಾರು ಕೊಯ್ಯಬೇಕು ಎಂದು ಗಂಡಸರು ಅದೇ ಬೆಂಚಿನ ಮೇಲೆ ಎರಡು ವಾರ ಸಭೆ ನಡೆಸಿದರು. ಸಭೆ ಮುಗಿಯುವುದರೊಳಗೆ ಹುಲ್ಲು ಮೊಣಕಾಲಿಗೆ ಬಂತು. ಪಿರೋಷ್ಕಾ ಯಾರನ್ನೂ ಕೇಳದೆ ಯಂತ್ರ ಹೊರತೆಗೆದು ಕೊಯ್ದೇಬಿಟ್ಟಳು. "ಹೆಂಗಸಿಗೇನು ಗೊತ್ತು ಮೈದಾನ ಅಂದ್ರೆ?" ಎಂದು ಒಬ್ಬಿಬ್ಬರು ಮೂಗು ಮುರಿದರು. ತಿಂಗಳು ಕಳೆದು ಪಕ್ಕದ ನಾದಶ್ ಊರಿನವರು ಆಡಲು ಬಂದು, ಆ ಹುಲ್ಲು ನೋಡಿ, ಬೂಟು ಬಿಚ್ಚಿ ಬರಿಗಾಲಲ್ಲಿ ಒಂದು ಸುತ್ತು ನಡೆದಾಗ ಮುರಿದ ಮೂಗುಗಳು ತಾವಾಗಿ ನೆಟ್ಟಗಾದವು. ಅಂದಿನಿಂದ ಮೈದಾನದ ಕೀಲಿಗೊಂಚಲು ಅವಳ ಕೊರಳಲ್ಲಿ. ಬೇರೆ ಹೆಂಗಸರು ಶಿಲುಬೆ ಹಾಕಿಕೊಳ್ಳುವ ಜಾಗದಲ್ಲಿ ಇವಳಿಗೆ ಕೀಲಿ.

ಅವಳ ಗಂಡ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಶನಿವಾರ. ಮಕ್ಕಳಿಲ್ಲ. ಅದಕ್ಕೇ ಹುಲ್ಲನ್ನು ಹಚ್ಚಿಕೊಂಡಿದ್ದಾಳೆ ಎಂದು ಊರವರು ಹೇಳುವುದುಂಟು. ನನಗೆ ಆ ಮಾತು ಕಂಡರಾಗದು. ಕೆಲಸವನ್ನು ಪ್ರೀತಿಸುವ ಗಂಡಸಿಗೆ ಯಾರೂ ಮಕ್ಕಳ ಲೆಕ್ಕ ಕೇಳುವುದಿಲ್ಲ.

ಉತ್ತರದ ಗೋಲಿನ ಹಿಂದೆಯೇ ಯೂಲಿಶಜ್ಜಿಯ ಮನೆ. ಎಂಬತ್ತೊಂದು ವಯಸ್ಸು, ಇಪ್ಪತ್ತಾರು ಕೋಳಿ, ಒಂದು ನಾಲಿಗೆ. ಅವಳ ಕೋಳಿಗಳ ಬೆನ್ನ ಮೇಲೆ ನೀಲಿ ಬಣ್ಣದ ಬೊಟ್ಟು. ನಮ್ಮಲ್ಲಿ ಮನೆಮನೆಗೂ ಒಂದೊಂದು ಗುರುತು ಇರುತ್ತದೆ, ಬೀದಿಯಲ್ಲಿ ಬೆರೆತರೂ ಸಂಜೆ ತಮ್ಮ ಗೂಡಿಗೆ ಸೇರಲಿ ಎಂದು. ಆ ನೀಲಿ ಬೊಟ್ಟು ಕಂಡರೆ ಪಿರೋಷ್ಕಾಳ ಮೈ ಉರಿಯುತ್ತಿತ್ತು. ಕೋಳಿ ಕೆದಕಿದ ಕಡೆ ಹುಲ್ಲಿನಲ್ಲಿ ಬಟ್ಟಲಿನಷ್ಟು ಗುಳಿ ಬೀಳುತ್ತಿತ್ತಲ್ಲ. ಇತ್ತ ಅಜ್ಜಿಗೆ ಚೆಂಡಿನ ಮೇಲೆ ಕೋಪ. ಗೋಲು ತಪ್ಪಿದ ಚೆಂಡೆಲ್ಲ ನೇರವಾಗಿ ಅವಳ ಮೆಣಸಿನ ಗಿಡಗಳ ಮೇಲೆ ಬೀಳುತ್ತಿತ್ತು. "ಕೋಳಿ ಬಂದ್ರೆ ನೀನು ಹೊಡಿ, ಚೆಂಡು ಬಂದ್ರೆ ನಾನು ಇಟ್ಕೋತೀನಿ" ಎಂದು ಅಜ್ಜಿ ನ್ಯಾಯ ತೀರ್ಮಾನ ಮಾಡಿದ್ದಳು. ಬಿದ್ದ ಚೆಂಡು ವಾಪಸು ಬಂದದ್ದು ಯಾರಿಗೂ ಗೊತ್ತಿಲ್ಲ.

ನಾಲ್ಕು ವರ್ಷದ ಕೆಳಗೆ ಪಿರೋಷ್ಕಾ ಎಸೆದ ಪೊರಕೆ ಅಜ್ಜಿಯ ಚುಕ್ಕೆ ಹುಂಜಕ್ಕೆ ತಗುಲಿ ಅದರ ಕಾಲು ಕುಂಟಾಯಿತು. ಅಜ್ಜಿ ಬೇಲಿಯ ಹತ್ತಿರ ಬಂದು, ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು, ಇಡೀ ಬೀದಿಗೆ ಕೇಳುವಂತೆ ಪಿರೋಷ್ಕಾಳ ಏಳು ತಲೆಮಾರನ್ನು ಎಣಿಸಿದಳು. ಅದೇ ವಾರ ಪಿರೋಷ್ಕಾ ಮೈದಾನದ ಸುತ್ತ ಕೋಳಿ ತೂರದಂಥ ತಂತಿಬಲೆ ಕಟ್ಟಿಸಿದಳು. ಅಲ್ಲಿಗೆ ಇಬ್ಬರ ಮಾತೂ ನಿಂತಿತು.

ಈಗ ಕಳೆದ ಜೂನ್‌ಗೆ ಬರುತ್ತೇನೆ. ನಮ್ಮ ಕಡೆಯದು ಮರಳು ನೆಲ. ಎಷ್ಟು ಹೊಯ್ದರೂ ಕುಡಿದು, ಬಾಯಿ ಒರೆಸಿಕೊಂಡು, ಇನ್ನೂ ಕೊಡು ಎನ್ನುವ ನೆಲ. ಆ ಜೂನ್‌ನಲ್ಲಿ ಆಕಾಶ ಒಂದು ಹನಿ ಉದುರಿಸಲಿಲ್ಲ. ರಸ್ತೆಬದಿಯ ಹುಲ್ಲು ಒಣಗಿ ಹಪ್ಪಳವಾಯಿತು, ಹಿತ್ತಲುಗಳಲ್ಲಿ ಸೌತೆಬಳ್ಳಿ ತಲೆಬಾಗಿತು. ಪಂಚಾಯಿತಿಯವರು "ತೋಟಕ್ಕೆ ನೀರು ಕಡಿಮೆ ಬಿಡಿ" ಎಂದು ಚೀಟಿ ಅಂಟಿಸಿದರು. ಪಿರೋಷ್ಕಾ ಅದನ್ನು ಓದಿದಳು, ಮೈದಾನ ತೋಟವಲ್ಲ ಎಂದುಕೊಂಡಳು. ಮೈದಾನದ ಬಾವಿಗೆ ಪಂಪು ಹಾಕಿ ದಿನಾ ಸಂಜೆ ಹೊತ್ತು ಮುಳುಗುವಾಗ ಎರಡು ಗಂಟೆ ನೀರು ಬಿಟ್ಟಳು. ಸುತ್ತ ಐದು ಮೈಲಿಯಲ್ಲಿ ಹಸಿರು ಅಂತ ಉಳಿದದ್ದು ಅದೊಂದೇ. ಕಂದು ಬಣ್ಣದ ಜೂನ್ ದುಂಬಿಗಳು ಸಂಜೆ ಸಂಜೆ ಆ ಒದ್ದೆ ಹುಲ್ಲಿನ ಮೇಲೆ ಗುಂಯ್ ಎಂದು ಹಾರುತ್ತಿದ್ದವು. ಮಕ್ಕಳು ಟೋಪಿಯಲ್ಲಿ ಹಿಡಿದು ಆಡಿದರು. ಪಿರೋಷ್ಕಾಗೂ ಆ ಸದ್ದು ಇಷ್ಟವಾಯಿತು. ನನ್ನ ಹುಲ್ಲಿಗೆ ದುಂಬಿಗಳೂ ಮರುಳಾಗಿವೆ ಎಂದು ಹೆಮ್ಮೆಪಟ್ಟಳು.

ದುಂಬಿಗಳು ಮರುಳಾಗಿದ್ದು ನಿಜ. ಊರೆಲ್ಲ ನೆಲ ಕಲ್ಲಾಗಿರುವಾಗ ಮೊಟ್ಟೆಯಿಡಲು ಮೆತ್ತನೆಯ ಒದ್ದೆ ಮಣ್ಣು ಅವಕ್ಕೆ ಇನ್ನೆಲ್ಲಿ ಸಿಗಬೇಕು?

ಆಗಸ್ಟ್‌ನಲ್ಲಿ ಉತ್ತರದ ಗೋಲಿನ ಮುಂದೆ ಹುಲ್ಲು ಹಳದಿ ತಿರುಗಿತು. ಬಾಯಾರಿಕೆ ಇರಬೇಕೆಂದು ಅವಳು ಇನ್ನಷ್ಟು ನೀರು ಬಿಟ್ಟಳು. ಹಳದಿ ಕಂದಾಯಿತು, ಕಂದು ಹರಡಿತು. ಆಮೇಲೆ ಕಾಗೆಗಳು ಬಂದವು. ಎರಡಲ್ಲ, ನಾಲ್ಕಲ್ಲ, ಒಂದು ದಂಡು. ಕೊಕ್ಕಿನಿಂದ ಹುಲ್ಲನ್ನು ಕಿತ್ತು ಅತ್ತ ಎಸೆದು, ಇತ್ತ ಎಸೆದು, ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ.

ಪಿರೋಷ್ಕಾಗೆ ತಲೆ ಕೆಟ್ಟಿತು. ಐದು ಬೆದರುಬೊಂಬೆ ಮಾಡಿ ನಿಲ್ಲಿಸಿದಳು. ಅವಕ್ಕೆ ಎಲ್ಲಿಂದಲೋ ತಂದ ನಾದಶ್ ತಂಡದ ಹಸಿರು ಅಂಗಿ ತೊಡಿಸಿದಳು. ಇದನ್ನು ಕಂಡು ನಮ್ಮ ಹುಡುಗರಿಗೆ ಹಬ್ಬವೋ ಹಬ್ಬ. ಕಾಗೆಗಳಿಗೆ ಮಾತ್ರ ಮೊದಲ ದಿನ ಭಯ, ಮೂರನೆಯ ದಿನ ಬೊಂಬೆಗಳ ತಲೆಯೇ ಕೂರುವ ಜಾಗ. ಆಮೇಲೆ ಅವಳೇ ತಗಡಿನ ಡಬ್ಬ ಹಿಡಿದು ಬಡಿಯುತ್ತಾ ಹಗಲೆಲ್ಲ ನಿಂತಳು. ಎರಡು ವಾರ ನಿಂತಳು. ಕಾಗೆಗಳು ಬೇಸತ್ತು ಬಿಟ್ಟುಹೋದವು. ಅವಳು ಗೆದ್ದೆ ಎಂದುಕೊಂಡಳು.

ಅಂದು ಸಂಜೆ ನಾಲ್ಕು ವರ್ಷದ ಮೌನ ಮುರಿದು ತಂತಿಬಲೆಯಾಚೆಯಿಂದ ಒಂದು ದನಿ ಬಂತು.

"ಓಡಿಸಿದ್ಯಾ? ಓಡಿಸು, ಓಡಿಸು. ಉಪಕಾರ ಮಾಡೋರನ್ನೆಲ್ಲ ಓಡಿಸೋದು ನಿನ್ನ ಹುಟ್ಟುಗುಣ."

ಪಿರೋಷ್ಕಾ ತಿರುಗಿ ನೋಡಲಿಲ್ಲ. "ಕಾಗೆ ಉಪಕಾರ ಮಾಡುತ್ತಂತೆ. ನಿಮಗೆ ವಯಸ್ಸಾಯ್ತು, ಒಳಗೆ ಹೋಗಿ ಮಲಗಿ."

"ಅದು ಹುಲ್ಲು ತಿನ್ನೋಕೆ ಬಂದಿತ್ತೇನೇ? ಕಾಗೆ ಯಾವತ್ತು ಹುಲ್ಲು ತಿಂದಿದೆ? ಎಂಬತ್ತು ವರ್ಷದಲ್ಲಿ ನಾನಂತೂ ನೋಡಿಲ್ಲ. ಬಗ್ಗಿ ಒಂದು ಹಿಡಿ ಎಳೆದು ನೋಡು, ಸೊಂಟ ಏನು ಮುರಿಯೋದಿಲ್ಲ."

ಅಜ್ಜಿ ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ ಪಿರೋಷ್ಕಾ ಬಗ್ಗಿದಳು. ಹುಲ್ಲನ್ನು ಎಳೆದಳು. ಅದು ಚಾಪೆ ಎದ್ದಂತೆ ಎದ್ದುಬಂತು. ಕೆಳಗೆ ಒಂದು ಬೇರೂ ಇರಲಿಲ್ಲ. ಬೇರಿನ ಜಾಗದಲ್ಲಿ ಬೆಳ್ಳಗೆ, ಕೊಬ್ಬಿಕೊಂಡು, ಸುರುಳಿ ಸುತ್ತಿ ಮಲಗಿದ್ದವು ಗೊಣ್ಣೆಹುಳುಗಳು. ಗುದ್ದಲಿಯಗಲದ ಜಾಗದಲ್ಲಿ ನಲವತ್ತೊಂದು ಎಣಿಸಿದಳು, ಆಮೇಲೆ ಎಣಿಸುವುದು ಬಿಟ್ಟಳು. ಅಲ್ಲೇ ನೆಲದ ಮೇಲೆ ಕೂತುಕೊಂಡಳು. ಆ ಹೊತ್ತಿಗೆ ಅವಳಿಗೆ ಅಳು ಬಂತು. ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಅತ್ತಳು.

ಕೆಟ್ಟ ಸುದ್ದಿ ಒಂಟಿಯಾಗಿ ಬರುವುದಿಲ್ಲ. ಆ ಭಾನುವಾರ ಆಡಲು ಬಂದಿದ್ದ ತಂಡದವನೊಬ್ಬ ಜಾರಿ ಬಿದ್ದು, ಮೂರು ಗಜ ಹುಲ್ಲನ್ನು ತನ್ನ ಜೊತೆಗೇ ಸುತ್ತಿಕೊಂಡು ಹೋಗಿ ಗೋಲಿನ ಕಂಬಕ್ಕೆ ಹೊಡೆದ. ದೂರು ಹೋಯಿತು. ವಾರದೊಳಗೆ ಜಿಲ್ಲಾ ಸಂಘದಿಂದ ಕೆಲೆಮೆನ್ ಎಂಬ ಪರೀಕ್ಷಕ ಬಂದ. ಸಣಕಲು ಮನುಷ್ಯ, ಮಾತು ಕಡಿಮೆ. ಮೈದಾನದ ಉತ್ತರ ಭಾಗದಲ್ಲಿ ಬಗ್ಗಿ ಕೈಯಿಂದ ಹುಲ್ಲು ಎಳೆದ. ಬಂದ ಹುಲ್ಲನ್ನು ಪಿರೋಷ್ಕಾಳ ಕೈಗೇ ಕೊಟ್ಟ.

"ಅಕ್ಟೋಬರ್ ಮೊದಲ ಭಾನುವಾರ ನಾದಶ್ ಜೊತೆ ನಿಮ್ಮ ಮ್ಯಾಚಿದೆ ಅಲ್ವಾ? ಅದರ ಹಿಂದಿನ ಗುರುವಾರ ಬರ್ತೀನಿ. ಹೀಗೇ ಎಳೀತೀನಿ. ಹುಲ್ಲು ಕೈಗೆ ಬಂತೋ, ಮ್ಯಾಚು ನಾದಶ್‌ನ ಮೈದಾನಕ್ಕೆ. ಆಮೇಲೆ ವರ್ಷವಿಡೀ ನಿಮ್ಮ ಮ್ಯಾಚೆಲ್ಲ ಅಲ್ಲೇ."

ನಾದಶ್‌ನ ಮೈದಾನವನ್ನೇ ನಮ್ಮ ಮೈದಾನ ಅಂದುಕೊಂಡು ಆಡುವುದು! ಅದಕ್ಕಿಂತ ಊರು ಬಿಟ್ಟು ಹೋಗುವುದೇ ವಾಸಿ ಎಂದು ಹೋಟೆಲಿನಲ್ಲಿ ಕೂತವರು ಅಂದರು.

ತಂಡದ ಅಧ್ಯಕ್ಷ ಲೊರಿಂಟ್ಸ್. ಮಾಂಸದಂಗಡಿ ಅವನದು. ತೋಳು ದಪ್ಪ, ಮನಸ್ಸು ಕೆಟ್ಟದ್ದಲ್ಲ, ಆದರೆ ಯಾವ ಸಮಸ್ಯೆಗೂ ಕತ್ತಿಯೇ ಪರಿಹಾರ ಎಂದು ನಂಬಿದವನು. ಮಾರನೆಯ ದಿನ ಅವನು ತುಕ್ಕು ಹಿಡಿದ ಒಂದು ಡಬ್ಬ ಹೊತ್ತು ಮೈದಾನಕ್ಕೆ ಬಂದ. ಅವನ ಅಪ್ಪ ಸಹಕಾರಿ ತೋಟದಲ್ಲಿದ್ದ ಕಾಲದ ಕೀಟನಾಶಕ. ಮುಚ್ಚಳದ ಮೇಲಿನ ತಲೆಬುರುಡೆಯ ಚಿತ್ರ ಮಾತ್ರ ಇನ್ನೂ ಅಳಿಸಿರಲಿಲ್ಲ.

"ಇದನ್ನ ನೀರಿಗೆ ಕಲಸಿ ಹೊಯ್ದುಬಿಡಕ್ಕ. ಒಂದೇ ದಿನ. ಒಂದು ಹುಳ ಉಳಿಯಲ್ಲ."

ಪಿರೋಷ್ಕಾ ಡಬ್ಬ ಮೂಸಿ ನೋಡಿ ಕೆಳಗಿಟ್ಟಳು. "ಹುಳ ಏನು, ನಿನ್ನ ಗೋಲ್‌ಕೀಪರೂ ಉಳಿಯಲ್ಲ. ಇದನ್ನ ಮಾರೋದು ನಿಲ್ಲಿಸಿ ಎಷ್ಟು ವರ್ಷ ಆಯ್ತು ಗೊತ್ತಾ? ಇಲ್ಲಿ ಮಕ್ಕಳು ಹೊರಳಾಡ್ತಾರೆ. ಇಪ್ಪತ್ತು ಹೆಜ್ಜೆಗೆ ಬಾವಿ ಇದೆ."

"ಮತ್ತೇನು ಮಾಡ್ತೀಯ? ಹಾಡು ಹೇಳಿ ಮಲಗಿಸ್ತೀಯಾ ಅವನ್ನ?"

"ಏನೋ ಒಂದು ಮಾಡ್ತೀನಿ."

"ಭಾನುವಾರದವರೆಗೆ ಟೈಮು. ಅಷ್ಟರಲ್ಲಿ ನಿನ್ನ ಏನೋ ಒಂದು ಆಗದಿದ್ರೆ ಕೀಲಿ ನನಗೆ ಕೊಡು. ನಾನು ಹೊಯ್ಕೋತೀನಿ." ಅಷ್ಟು ಹೇಳಿ ಅವನು ಅವಳ ಮುಖ ನೋಡದೆ ಹೋದ. ಅವನಿಗೂ ಆ ಮಾತು ಸುಲಭವಾಗಿರಲಿಲ್ಲ ಅನ್ನಿ.

ಕೀಲಿ ಕೊಡುವುದು! ಪಿರೋಷ್ಕಾ ಅಂದು ಊಟ ಮಾಡಲಿಲ್ಲ. ಬರಿಗಾಲಲ್ಲಿ ಮೈದಾನದ ಸುತ್ತ ನಡೆದಳು. ದಕ್ಷಿಣದ ಕಡೆ ಹುಲ್ಲು ಇನ್ನೂ ಗಟ್ಟಿಯಾಗಿತ್ತು. ಉತ್ತರದ ಕಡೆ ಕಾಲಿಟ್ಟಲ್ಲೆಲ್ಲ ಹಾಸಿಗೆಯ ಮೇಲೆ ಇಟ್ಟಂತೆ ಜಗ್ಗುತ್ತಿತ್ತು. ತಂತಿಬಲೆಯ ಹತ್ತಿರ ಬಂದಾಗ ನಿಂತಳು. ಆಚೆ ಬದಿಯಲ್ಲಿ ಯೂಲಿಶಜ್ಜಿಯ ಕೋಳಿಗಳು. ಅವು ಬಲೆಗೆ ಕುತ್ತಿಗೆ ಒತ್ತಿಕೊಂಡು, ಒಂದೇ ಸಾಲಿನಲ್ಲಿ, ಮೈದಾನವನ್ನೇ ನೋಡುತ್ತಿದ್ದವು. ಬಲೆಯ ಬುಡದಲ್ಲಿ ಕೊಕ್ಕು ಎಟುಕುವಷ್ಟು ದೂರಕ್ಕೆ, ಒಂದು ಗೇಣಗಲ, ಹುಲ್ಲು ಹಸಿರಾಗಿತ್ತು.

ಅವಳು ಆ ಗೇಣಗಲದ ಹಸಿರನ್ನು ಎಳೆದಳು. ಬರಲಿಲ್ಲ. ಒಂದು ಹೆಜ್ಜೆ ಈಚೆ ಎಳೆದಳು. ಬಂತು.

ನಾಲ್ಕು ವರ್ಷದ ಹಿಂದೆ, ಬಲೆ ಕಟ್ಟುವ ಮುಂಚೆ, ಹುಲ್ಲು ಒಮ್ಮೆಯಾದರೂ ಹೀಗೆ ಸತ್ತದ್ದು ನೆನಪಿದೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಇರಲಿಲ್ಲ. ಆಗ ಬಟ್ಟಲಿನಷ್ಟು ಗುಳಿ ಬೀಳುತ್ತಿತ್ತು. ಅವಳು ಅದಕ್ಕೆ ಮಣ್ಣು ತುಂಬಿ, ಕೋಳಿಗೆ ಶಾಪ ಹಾಕಿ, ಮನೆಗೆ ಹೋಗುತ್ತಿದ್ದಳು.

ಮಾರನೆಯ ಬೆಳಿಗ್ಗೆ ಯೂಲಿಶಜ್ಜಿಯ ಗೇಟಿನ ಮುಂದೆ ನಿಂತಳು. ಕೈಯಲ್ಲಿ ಬೆಳಿಗ್ಗೆ ಸುಟ್ಟ ಉಪ್ಪುಬನ್ನುಗಳ ತಟ್ಟೆ. ಅಜ್ಜಿ ಜಗಲಿಯಲ್ಲಿ ಕೂತು ಮೆಣಸಿನಕಾಯಿ ಪೋಣಿಸುತ್ತಿದ್ದಳು. ಕುಂಟು ಹುಂಜ ಅವಳ ಕಾಲ ಬಳಿ.

"ಯಾರೇ ಅದು?" ಎಂದಳು ಅಜ್ಜಿ, ಚೆನ್ನಾಗಿ ಕಾಣುತ್ತಿದ್ದರೂ.

"ನಾನು ಅಜ್ಜಿ. ಪಿರೋಷ್ಕಾ."

"ಪೊರಕೆ ತಂದಿದ್ದೀಯಾ?"

"ಬನ್ನು ತಂದಿದ್ದೀನಿ."

"ಉಪ್ಪು ಜಾಸ್ತಿ ಹಾಕ್ತೀಯ ನೀನು. ನಿಮ್ಮಮ್ಮನೂ ಹಾಗೇ." ಆದರೂ ಒಂದು ತೆಗೆದುಕೊಂಡು ಮುರಿದು ಅರ್ಧ ಹುಂಜಕ್ಕೆ ಹಾಕಿದಳು. "ಹೇಳು."

ಪಿರೋಷ್ಕಾ ಕೊನೆಗೆ ಒಂದೇ ಉಸಿರಿಗೆ ಅಂದಳು. "ನಿಮ್ಮ ಕೋಳಿ ಬೇಕು. ಮೈದಾನಕ್ಕೆ."

ಅಜ್ಜಿ ದಾರ ಕೆಳಗಿಟ್ಟು ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. "ಬೇಲಿ ಎದ್ದು ಹೊಲ ಮೇಯ್ತು ಅನ್ನೋದನ್ನ ಕೇಳಿದ್ದೆ. ಈಗ ಕಣ್ಣಾರೆ ನೋಡಿದೆ! ಕೋಳಿ ಬರದ ಹಾಗೆ ಬೇಲಿ ಕಟ್ಟಿ, ಹುಳಕ್ಕೆ ಛತ್ರ ಕಟ್ಟಿಸಿಕೊಟ್ಟೆಯಲ್ಲೇ ಮಗಳೇ!" ನಕ್ಕು ಮುಗಿದ ಮೇಲೆ ಅವಳ ಮುಖ ಗಟ್ಟಿಯಾಯಿತು. "ನನ್ನ ಇಪ್ಪತ್ತಾರು ಕೋಳಿಯಿಂದ ಆಗೋ ಕೆಲಸ ಅಲ್ಲ ಅದು. ಊರಿನ ಕೋಳಿಯೆಲ್ಲ ಬೇಕು. ಊರಿನ ಹೆಂಗಸರು ನಿನಗೆ ಕೊಡ್ತಾರೇನು? ಅವರ ಸೌತೆಬಳ್ಳಿ ಸಾಯ್ತಾ ಇದ್ದಾಗ ನೀನು ದಿನಾ ಸಂಜೆ ಹುಲ್ಲಿಗೆ ಸ್ನಾನ ಮಾಡಿಸಿದೆ. ನಮ್ಮ ಬಾವಿಗಳಲ್ಲಿ ಕೊಡ ಮುಳುಗ್ತಿರಲಿಲ್ಲ."

ಪಿರೋಷ್ಕಾ ತಲೆ ತಗ್ಗಿಸಿದಳು. ಬಾವಿಯ ಮಾತು ಅವಳಿಗೆ ಗೊತ್ತೇ ಇರಲಿಲ್ಲ ಎಂದು ಹೇಳಲಾರೆ. ಗೊತ್ತಾಗುವಷ್ಟು ಹತ್ತಿರ ಹೋಗಿರಲಿಲ್ಲ, ಅಷ್ಟೇ.

"ನಾಳೆ ಬ್ರೆಡ್ಡಿನ ಗಾಡಿ ಬರುತ್ತೆ. ಎಲ್ರೂ ಅಲ್ಲಿರ್ತಾರೆ. ತಪ್ಪು ನಂದು ಅಂತ ಎಲ್ರ ಮುಂದೆ ಹೇಳು. ಆಮೇಲೆ ನನ್ನ ಕೋಳಿ ಕೇಳು."

ಮಾರನೆಯ ದಿನ ಶುಕ್ರವಾರ. ಏಳು ಗಂಟೆಗೆ ಬ್ರೆಡ್ಡಿನ ಗಾಡಿ ಚೌಕದಲ್ಲಿ ನಿಂತಿತು. ಸಾಲಿನಲ್ಲಿ ಮೂವತ್ತಕ್ಕೂ ಹೆಚ್ಚು ಹೆಂಗಸರು. ಪಿರೋಷ್ಕಾ ಸಾಲಿನ ಮುಂದೆ ಹೋಗಿ ನಿಂತಾಗ ಹಿಂದಿನಿಂದ ಯಾರೋ "ಸಾಲಿನಲ್ಲಿ ಬಾರಮ್ಮ, ಮಹಾರಾಣಿ" ಅಂದರು.

"ಬ್ರೆಡ್ಡಿಗೆ ಬಂದಿಲ್ಲ," ಎಂದಳು ಪಿರೋಷ್ಕಾ. ಕೈ ಕೊರಳಿನ ಕೀಲಿ ಹಿಡಿದುಕೊಂಡಿತ್ತು. "ಜೂನ್‌ನಲ್ಲಿ ನಾನು ಮಾಡಿದ್ದು ತಪ್ಪು. ನೀವೆಲ್ಲ ಪಾತ್ರೆ ತೊಳೆದ ನೀರು ಗಿಡಕ್ಕೆ ಹಾಕ್ತಿದ್ರಿ, ನಾನು ಬಾವಿಯನ್ನೇ ಹುಲ್ಲಿಗೆ ಹೊಯ್ದೆ. ಆ ಒದ್ದೆಗೇ ಊರ ದುಂಬಿಯೆಲ್ಲ ಬಂದು ಮೊಟ್ಟೆ ಇಟ್ಟಿವೆ. ಅತಿ ಪ್ರೀತಿ ಮಾಡಿ ನಾನೇ ಹುಲ್ಲು ಕೊಂದೆ. ನಿಮ್ಮ ಕೋಳಿಗಳನ್ನ ಹೊಡೆದಿದ್ದೂ ತಪ್ಪು. ಅವು ತಿಂತಿದ್ದದ್ದು ಹುಲ್ಲಲ್ಲ, ಹುಳ. ನನಗೆ ಈಗ ಗೊತ್ತಾಯ್ತು. ಭಾನುವಾರದೊಳಗೆ ಹುಳ ತೆಗೀದಿದ್ರೆ ಲೊರಿಂಟ್ಸ್ ವಿಷ ಹೊಯ್ತಾನೆ. ಅದು ಮತ್ತೆ ನಿಮ್ಮ ಬಾವಿಗೇ ಬರೋದು. ನಿಮ್ಮ ಕೋಳಿ ಕೊಡಿ ಅಂತ ಕೇಳೋಕೆ ಬಂದಿದ್ದೀನಿ."

ಒಂದು ಕ್ಷಣ ಬ್ರೆಡ್ಡಿನವನೂ ಕೈ ನಿಲ್ಲಿಸಿದ. ಆಮೇಲೆ ಸಾಲಿನ ಕೊನೆಯಿಂದ ಯೂಲಿಶಜ್ಜಿಯ ದನಿ ಬಂತು.

"ನಂದು ಇಪ್ಪತ್ತಾರು. ಹುಂಜ ಬೇಡ, ಹುಂಜ ಬಂದ್ರೆ ಜಗಳ. ಗುರುತು ಹೊಸದಾಗಿ ಹಾಕಿ ತನ್ನಿ ಎಲ್ರೂ. ಸಂಜೆ ನನ್ನ ಕೋಳಿ ನಿನ್ನ ಕೋಳಿ ಅಂತ ಕೂದಲು ಹಿಡ್ಕೊಂಡ್ರೆ ನಾನು ಬಿಡಿಸೋಕೆ ಬರೋಳಲ್ಲ."

ಶನಿವಾರ ತಂಡದ ಹುಡುಗರೆಲ್ಲ ಸೇರಿ ಉತ್ತರ ಭಾಗದ ಸತ್ತ ಹುಲ್ಲನ್ನು ಸುರುಳಿ ಸುತ್ತಿ ಬದಿಗಿಟ್ಟರು. ಅಡಿಯ ಮಣ್ಣನ್ನು ಹಲ್ಲಿನ ಕುಂಟೆಯಿಂದ ಕೆದಕಿದರು. ಭಾನುವಾರ ಚರ್ಚು ಬಿಟ್ಟದ್ದೇ ತಡ, ಕೋಳಿಗಳ ಮೆರವಣಿಗೆ ಶುರುವಾಯಿತು. ಬುಟ್ಟಿಯಲ್ಲಿ, ಕೈಗಾಡಿಯಲ್ಲಿ, ಸೈಕಲ್ಲಿನ ಮುಂದೆ, ಮಗುವಿನ ತಳ್ಳುಗಾಡಿಯಲ್ಲಿ. ಕಾಲಿಗೆ ಕೆಂಪು ಚಿಂದಿ ಕಟ್ಟಿದವು, ರೆಕ್ಕೆಗೆ ಹಸಿರು ಬಳಿದವು, ಬಾಲಕ್ಕೆ ಅರಿಸಿನ ಬಣ್ಣ ಹಚ್ಚಿದವು. ಪಾದ್ರಿಗಳ ಮನೆಯ ಆರು ಬಿಳಿ ಕೋಳಿಗಳೂ ಬಂದವು, ಕೊರಳಿಗೆ ನೇರಳೆ ದಾರ. ಎಲ್ಲ ಸೇರಿ ಇನ್ನೂರ ಎಂಬತ್ತು ಮೀರಿದ್ದವು.

ಮೈದಾನದ ಗೇಟಿಗೆ ಕೀಲಿ ಹಾಕಿ ತೆಗೆದು ಕೋಳಿಗಳನ್ನು ಒಳಗೆ ಬಿಟ್ಟವಳು ಪಿರೋಷ್ಕಾ. ಆ ಕ್ಷಣ ಅವಳ ಬಲಗೈ ತಾನಾಗಿ ಪೊರಕೆ ಹುಡುಕಿತು ಎಂದು ಅವಳೇ ಆಮೇಲೆ ಹೇಳಿದಳು.

ಮೊದಲ ಹತ್ತು ನಿಮಿಷ ಬರೀ ಜಗಳ. ಅಪರಿಚಿತ ಕೋಳಿಗಳು ಪರಸ್ಪರ ಜುಟ್ಟು ಹಿಡಿದವು. ನಾದಶ್‌ನವರು ಯಾರಾದರೂ ನೋಡಿದ್ದರೆ ಇದೇ ಬೊರೊಕಾಶ್ ಆಟ ಅನ್ನುತ್ತಿದ್ದರು. ಆಮೇಲೆ ಯೂಲಿಶಜ್ಜಿಯ ಹಳೆಯ ಕೋಳಿಯೊಂದು ಮಣ್ಣು ಕೆದಕಿ ಮೊದಲ ಹುಳ ಎತ್ತಿತು. ಅದನ್ನು ಕಂಡ ಹತ್ತು ಕೋಳಿ ಅಟ್ಟಿಸಿಕೊಂಡು ಹೋದವು. ಅಲ್ಲಿಂದ ಜಗಳ ನಿಂತಿತು, ಕೆಲಸ ಶುರುವಾಯಿತು. ಇನ್ನೂರ ಎಂಬತ್ತು ಕೋಳಿಗಳು ಒಟ್ಟಿಗೆ ಕೆದಕುವ ಸದ್ದು ನೀವು ಕೇಳಿರಲಾರಿರಿ. ನಾವು ಕೇಳಿದೆವು. ಹೆಂಗಸರು ಬೆಂಚಿನ ಮೇಲೆ ಕೂತು ತಮ್ಮ ತಮ್ಮ ಕೋಳಿಗಳನ್ನು ಹುರಿದುಂಬಿಸಿದರು. ಬದಿಯಲ್ಲಿ ದೊಡ್ಡ ಕೊಳಗದಲ್ಲಿ ಆಲೂಗಡ್ಡೆ ಸಾರು ಕುದಿಯಿತು. ಕೋಳಿಗಳ ಮುಂದೆ ಕೋಳಿ ಸಾರು ಬೇಡವೆಂದು ಎಲ್ಲರೂ ಒಪ್ಪಿದ್ದರು. ನಡುವೆ ಕಂದು ಕೋಳಿಯೊಂದು ಗೋಲಿನ ಒಳಗೆ ಹೋಗಿ ಮೊಟ್ಟೆಯಿಟ್ಟಿತು. ಬಹಳ ದಿನಗಳ ನಂತರ ಆ ಗೋಲಿನೊಳಗೆ ಬಿದ್ದ ಮೊದಲ ವಸ್ತು ಅದು ಎಂದು ಯೂಲಿಶಜ್ಜಿ ಅಂದಾಗ ನಮ್ಮ ಹುಡುಗರಿಗೂ ನಗು ತಡೆಯಲಿಲ್ಲ.

ಸಂಜೆ ಲೊರಿಂಟ್ಸ್ ಡಬ್ಬ ಹೊತ್ತು ಬಂದ. ಗೇಟಿನಲ್ಲೇ ನಿಂತ. ಅವನ ಹೆಂಡತಿಯ ಕೋಳಿಗಳೂ ಅಲ್ಲಿದ್ದವು, ಕಾಲಿಗೆ ಅವನದೇ ಅಂಗಡಿಯ ಪಟ್ಟೆ ಬಟ್ಟೆ.

"ಅಜ್ಜಿ ಕೋಳಿ ಕೂಗಿದ್ರೇನೇ ಊರಿಗೆ ಬೆಳಗಾಗೋದು ಅಂತಾಯ್ತು ಬಿಡಿ," ಎಂದ ಹುಸಿಗೋಪದಿಂದ.

"ಆಗುತ್ತೆ ಕಣಪ್ಪ. ಗುದ್ದಲಿ ಹಾಕಿ ನೋಡು," ಎಂದಳು ಯೂಲಿಶಜ್ಜಿ.

ಅವನು ಗುದ್ದಲಿ ಹಾಕಿದ. ಮೂರು ಹುಳ ಸಿಕ್ಕವು. ಇನ್ನೊಂದು ಕಡೆ ಅಗೆದ, ಐದು. ಅವನು ಗುದ್ದಲಿಗೆ ಒರಗಿದ. "ಆಳದಲ್ಲಿರೋವು ಮತ್ತೆ ಮೇಲೆ ಬರ್ತಾವೆ. ಪಟ್ಟಣದ ಬೀಜದಂಗಡಿಯಲ್ಲಿ ಏನೋ ಜಂತು ಸಿಗುತ್ತಂತಕ್ಕ. ಕಣ್ಣಿಗೆ ಕಾಣಲ್ವಂತೆ. ನೀರಲ್ಲಿ ಕಲಸಿ ಹೊಯ್ದ್ರೆ ಗೊಣ್ಣೆಹುಳದ ಹೊಟ್ಟೆಗೆ ಹೊಕ್ಕು ಕೊಲ್ಲುತ್ತಂತೆ. ಮನುಷ್ಯರಿಗೆ, ಕೋಳಿಗೆ ಏನೂ ಆಗಲ್ಲ. ನಾಳೆ ತರ್ತೀನಿ. ತಣ್ಣಗಿಡಬೇಕಂತೆ, ನನ್ನ ಮಾಂಸದ ಕೋಣೆಯಲ್ಲಿ ಇಡ್ತೀನಿ."

"ಸಾಸೇಜಿನ ಪಕ್ಕದಲ್ಲಾ?"

"ಊರಿಗೆ ಹೇಳ್ಬೇಡ. ವ್ಯಾಪಾರ ಬಿದ್ದುಹೋಗುತ್ತೆ."

ಊರಿಗೆಲ್ಲ ಅಂದೇ ಗೊತ್ತಾಯಿತು. ಆದರೂ ಸಾಸೇಜು ಮಾರಾಟವಾಯಿತು. ಬುರುಡೆಯ ಚಿತ್ರದ ಡಬ್ಬವನ್ನು ಅವನೇ ಪಟ್ಟಣದ ವಿಷದ ಕಸ ಸಂಗ್ರಹಕ್ಕೆ ಒಪ್ಪಿಸಿ ಬಂದ.

ಕೋಳಿಗಳು ಇನ್ನೂ ಎರಡು ದಿನ ದುಡಿದವು. ಮೂರನೆಯ ಸಂಜೆ, ಬಿಸಿಲು ಇಳಿದ ಮೇಲೆ, ಪಿರೋಷ್ಕಾ ಮತ್ತು ಲೊರಿಂಟ್ಸ್ ಅಕ್ಕಪಕ್ಕ ನಿಂತು ಹೂಕುಂಡದ ಝಾರಿಗಳಿಂದ ಆ ಕಾಣದ ಜಂತಿನ ನೀರು ಚಿಮುಕಿಸಿದರು. ಹೊಸ ಹುಲ್ಲಿನ ಬೀಜ ಬಿತ್ತಿ, ಸಿಮೆಂಟು ತುಂಬಿದ ಹಳೆಯ ಪೀಪಾಯಿಯನ್ನು ಅದರ ಮೇಲೆ ಉರುಳಿಸಿದರು. ನೀರು ಬಿಡುವ ಮುಂಚೆ ಪಿರೋಷ್ಕಾ ಪ್ರತಿ ಬೆಳಿಗ್ಗೆಯೂ ಯೂಲಿಶಜ್ಜಿಯ ಬಾವಿಗೆ ಹಗ್ಗ ಬಿಟ್ಟು ಆಳ ನೋಡುತ್ತಿದ್ದಳು. ಎಂಟನೆಯ ದಿನ ಮರಳಿನ ಮೇಲೆ ಹಸಿರು ನವಿರು ಕಾಣಿಸಿತು. ನಿಂತು ನೋಡಿದರೆ ಇಲ್ಲ, ಮಲಗಿ ನೋಡಿದರೆ ಇದೆ. ಅವಳು ಮಲಗಿ ನೋಡಿದಳು. ಅಜ್ಜಿಯೂ ಬಲೆಯಾಚೆ ಬಗ್ಗಿ ನೋಡಿದಳು.

"ಬಂತೇನೇ?"

"ಬಂತು ಅಜ್ಜಿ!"

ಮತ್ತೆರಡು ವಾರ ಕಳೆದು, ಹೇಳಿದ ಗುರುವಾರ ಕೆಲೆಮೆನ್ ಬಂದ. ಅಕ್ಟೋಬರಿನ ತೆಳು ಬಿಸಿಲು. ಊರಿನ ಅರ್ಧ ಜನ ಏನೋ ಕೆಲಸವಿದ್ದವರಂತೆ ಮೈದಾನದ ಸುತ್ತ ನಿಂತಿದ್ದರು. ಅವನು ನೇರವಾಗಿ ಉತ್ತರದ ಗೋಲಿನ ಮುಂದೆ ಹೋಗಿ, ಬಗ್ಗಿ, ಮುಷ್ಟಿ ತುಂಬ ಹಿಡಿದು ಎಳೆದ. ಗರಿಗಳು ನಾಲ್ಕಾರು ತುಂಡಾಗಿ ಕೈಗೆ ಬಂದವು. ನೆಲ ಅಲುಗಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ಎರಡೂ ಕೈಯಿಂದ ಎಳೆದ. ಬೇರು ಬಿಡಲಿಲ್ಲ. ಅವನು ಮೊಣಕಾಲಿನ ಮಣ್ಣು ಕೊಡವಿಕೊಂಡು ಕಾಗದಕ್ಕೆ ಸಹಿ ಹಾಕಿದ.

"ಯಾವ ಔಷಧಿ ಹಾಕಿದ್ರಿ?" ಎಂದು ಕೇಳಿದ.

"ಕೋಳಿ," ಎಂದಳು ಪಿರೋಷ್ಕಾ. ಅವನು ಅದು ಯಾವುದೋ ಕಂಪನಿಯ ಹೆಸರಿರಬೇಕೆಂದು ಬರೆದುಕೊಂಡು ಹೋದ.

ಅವನು ಹೋದ ಮೇಲೆ ಪಿರೋಷ್ಕಾ ಸುಮ್ಮನೆ ಕೂರಲಿಲ್ಲ. ಕತ್ತರಿ ತಂದು, ಯೂಲಿಶಜ್ಜಿಯ ಹಿತ್ತಲಿಗೆ ತಾಗಿದ ತಂತಿಬಲೆಯನ್ನು ಸೊಂಟದೆತ್ತರ ಕತ್ತರಿಸಿ, ಅಲ್ಲಿಗೊಂದು ಸಣ್ಣ ಬಾಗಿಲು ಕೂರಿಸಿದಳು. ಮ್ಯಾಚಿನ ಮಾರನೆಯ ದಿನ, ಅಂದರೆ ಪ್ರತಿ ಸೋಮವಾರ ಬೆಳಿಗ್ಗೆ, ಕೋಳಿಗಳ ಸರದಿ. ಬಾಗಿಲಿಗೆ ಬೀಗ ಹಾಕಿ, ಗೊಂಚಲಿನಿಂದ ಅದರ ಕೀಲಿ ಬಿಡಿಸಿ ಅಜ್ಜಿಯ ಕೈಗಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಕೊರಳಿನ ಕೀಲಿ ಬೇರೆಯವರ ಕೈ ಸೇರಿದ್ದು ಅದೇ ಮೊದಲು. ಅಜ್ಜಿ ಕೀಲಿಯನ್ನು ಮೆಣಸಿನಕಾಯಿ ಪೋಣಿಸುವ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು.

ಭಾನುವಾರ ನಾದಶ್‌ನವರು ಬಂದರು. ಹಸಿರು ಅಂಗಿ. ಮೈದಾನದಂಚಿನಲ್ಲಿ ನಿಂತಿದ್ದ ತಮ್ಮದೇ ಅಂಗಿಯ ಬೆದರುಬೊಂಬೆಗಳನ್ನು ನೋಡಿ ಮುಖ ಊದಿಸಿದರು. ಆಟ ಜೋರಾಯಿತು. ಅವರದೊಂದು ಗೋಲು, ನಮ್ಮದೊಂದು. ಮುಗಿಯಲು ಐದು ನಿಮಿಷವಿದೆ ಎನ್ನುವಾಗ ನಮ್ಮ ಹುಡುಗ ಒದ್ದ ಚೆಂಡು ಗೋಲಿನ ಮೇಲಿಂದ ಹಾರಿ, ಬಲೆ ದಾಟಿ, ಯೂಲಿಶಜ್ಜಿಯ ಮೆಣಸಿನ ಗಿಡಗಳಲ್ಲಿ ಬಿತ್ತು. ಜನ "ಅಯ್ಯೋ" ಎಂದರು. ಲೊರಿಂಟ್ಸ್ ಅಭ್ಯಾಸದಂತೆ ಚೀಲದಿಂದ ಬೇರೆ ಚೆಂಡು ತೆಗೆಯಲು ಬಗ್ಗಿದ.

ಆಗ ಬಲೆಯ ಸಣ್ಣ ಬಾಗಿಲಲ್ಲಿ ಕೀಲಿ ತಿರುಗಿದ ಸದ್ದಾಯಿತು. ಯೂಲಿಶಜ್ಜಿ ಸೊಂಟ ಬಗ್ಗಿಸಿ ಒಳಗೆ ಬಂದಳು. ಕಂಕುಳಲ್ಲಿ ಚೆಂಡು. ಹಿಂದೆ ಒಂದು ಕೈಗಾಡಿ, ಅದರ ತುಂಬ ಹಳೆಯ ಚೆಂಡುಗಳು, ಕೆಲವು ಬಿಳಿಯವು, ಕೆಲವು ಬಣ್ಣ ಹೋದವು, ಹದಿನೇಳೋ ಹದಿನೆಂಟೋ. ತೆರೆದ ಬಾಗಿಲಿನಿಂದ ನೀಲಿ ಬೊಟ್ಟಿನ ನಾಲ್ಕು ಕೋಳಿಗಳೂ, ಅವುಗಳ ಹಿಂದೆ ಕುಂಟುತ್ತಾ ಚುಕ್ಕೆ ಹುಂಜವೂ ಮೈದಾನಕ್ಕೆ ಇಳಿದವು. ರೆಫರಿ ಸೀಟಿ ಊದಿ ಆಟ ನಿಲ್ಲಿಸಿದ.

ಎಲ್ಲರೂ ಪಿರೋಷ್ಕಾಳ ಕಡೆ ನೋಡಿದರು. ಪೊರಕೆ ಅವಳ ಬೆಂಚಿಗೆ ಒರಗಿಯೇ ಇತ್ತು. ಅವಳು ಎದ್ದಳು, ಪೊರಕೆಯನ್ನು ತೆಗೆದುಕೊಳ್ಳದೆ ಮೈದಾನದ ಮಧ್ಯೆ ನಡೆದುಹೋದಳು. ಹುಂಜವನ್ನು ಮೆಲ್ಲಗೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಇವತ್ತು ಭಾನುವಾರ ಅಜ್ಜಿ. ಸೋಮವಾರ ಅಲ್ಲ," ಎಂದಳು.

"ಗೊತ್ತು ಕಣೇ. ಅವಕ್ಕೆ ಗೊತ್ತಿಲ್ಲ," ಎಂದು ಯೂಲಿಶಜ್ಜಿ ಚೆಂಡನ್ನು ರೆಫರಿಯ ಕೈಗೆ ಕೊಟ್ಟು, ಪಿರೋಷ್ಕಾಳ ಬೆಂಚಿಗೆ ಹೋಗಿ, ಪೊರಕೆ ಬದಿಗೆ ಸರಿಸಿ ಕೂತಳು. ಪಿರೋಷ್ಕಾ ಹುಂಜ ಹಿಡಿದು ಅವಳ ಪಕ್ಕ ಕೂತಳು. ಅಜ್ಜಿ ಅರ್ಧ ಹಿಡಿ ಸೂರ್ಯಕಾಂತಿ ಬೀಜ ಕೇಳಿದಳು. ಆಟ ಮತ್ತೆ ಶುರುವಾಯಿತು.